ತೋಡಿನ ಕೊಳಚೆ ಕಡಲು ಸೇರುತ್ತಿದ್ದರೆ ದೂರು ಕೊಡುವುದು ಹೇಗೆ?

ನಮ್ಮ ಮನೆಯ ಹಿಂದಿನ ತೋಡಿನಲ್ಲಿ ಚಿಕ್ಕಂದಿನಲ್ಲಿ ಗಾಳ ಹಾಕುತ್ತಿದ್ದೆವು. ಈಗ ಅದೇ ನೀರು ಕಪ್ಪಗೆ, ಸಾಬೂನಿನ ನೊರೆ ಹೊತ್ತು ಅಳಿವೆ ಸೇರುತ್ತದೆ. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಕೆಲಸ ಆಗಲಿಲ್ಲ. ಬರೆದು ಕೊಟ್ಟ ಮೇಲೆಯೇ ಅಧಿಕಾರಿಗಳು ಬಂದು ನೋಡಿದರು.

ಮೊದಲು ಫೋಟೋ. ಕಡಲು ಇಳಿತದಲ್ಲಿದ್ದಾಗಲೇ ತೆಗೆಯಿರಿ. ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗಿ ಕೊಳಕು ತೆಳುವಾಗಿ ಕಾಣುತ್ತದೆ. ಮಳೆಗಾಲದಲ್ಲೂ ಅಷ್ಟೇ. ಪೈಪ್ ತೋಡಿಗೆ ಬೀಳುವ ಜಾಗ ಒಂದೇ ಫ್ರೇಮಿನಲ್ಲಿ ಬರಲಿ. ದಿನಾಂಕ, ಹೊತ್ತು ಬರೆದಿಡಿ.

ದೂರು ಎರಡು ಕಡೆ ಹೋಗಬೇಕು: ನಿಮ್ಮ ಪಂಚಾಯತ್ ಅಥವಾ ನಗರಸಭೆಗೆ, ಜೊತೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ದೂರಿನಲ್ಲಿ ನೀರಿನ ಮಾಲಿನ್ಯ ತಡೆಯುವ 1974ರ ಜಲ ಕಾಯ್ದೆಯ ಹೆಸರು ಬರೆಯಿರಿ. ಸುಮ್ನೆ 'ವಾಸನೆ ಬರುತ್ತಿದೆ' ಅಂದರೆ ಸಾಲದು. ಸ್ನಾನಕ್ಕೆ, ಮೀನುಗಾರಿಕೆಗೆ ಬಳಸುವ ಕಡಲ ನೀರಿನಲ್ಲಿ 100 ಮಿಲಿಲೀಟರಿಗೆ ಮಲದ ಕೋಲಿಫಾರ್ಮ್ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) 100 ದಾಟಬಾರದು, ಬಿಓಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. 'ಇದನ್ನು ಪರೀಕ್ಷಿಸಿ' ಎಂದು ಕೇಳಿ. ಬಾಟಲಿಯಲ್ಲಿ ನೀವೇ ಹಿಡಿದ ನೀರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮಂಡಳಿಯವರೇ ಬಂದು ಮಾದರಿ ತೆಗೆಯಬೇಕು.

ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ.

ತಿಂಗಳಾದರೂ ಸುದ್ದಿ ಇಲ್ಲವಾ? 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನೀರಿನ ಪರೀಕ್ಷಾ ವರದಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಗೆ ಅಕ್ಕಪಕ್ಕದ ಮೀನುಗಾರರನ್ನೂ ಕರೆದುಕೊಂಡು ಹೋಗಿ. ಬಲೆ ತೊಳೆಯುವಾಗ ಕೈ ತುರಿಸುವುದು ಅವರಿಗೆ ತಾನೇ ಗೊತ್ತು, ಅಲ್ವಾ?