ಎರಡು ದಿನದಲ್ಲಿ ಆಟ, ಐದು ನಿಮಿಷದಲ್ಲಿ ಅಭಿಪ್ರಾಯ

ಗೇಮ್ ಜಾಮ್ ಅಂದರೆ ಕೊಟ್ಟ ಗಡುವಿನೊಳಗೆ, ಆಗಷ್ಟೇ ಹೇಳಿದ ಥೀಮ್ ಹಿಡಿದು ಆಟ ಮಾಡುವ ಕೂಟ. ಅದಕ್ಕೆ ಆಟ ಮಾಡಿ ಕಳಿಸುವಾಗ ಒಂದು ಮಾತು ಮರೆತುಹೋಗುತ್ತದೆ. ನಿಮ್ಮ ಆಟ ಆಡುವವರೂ ಅದೇ ಜಾಮ್‌ನಲ್ಲಿ ನಿದ್ದೆಗೆಟ್ಟು ಆಟ ಮಾಡಿದವರೇ. ದೊಡ್ಡ ಜಾಮ್ ಆದರೆ ಅವರ ಮುಂದೆ ಸಾವಿರಾರು ಆಟಗಳ ಪಟ್ಟಿ ಇರುತ್ತದೆ. ನಿಮ್ಮದಕ್ಕೆ ಸಿಗುವುದು ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ಅರ್ಥವಾಗುವ ಆಟ ಕಟ್ಟುವುದು ಹೇಗೆ? ಬೇರೆಯವರ ಆಟಕ್ಕೆ ನೀವು ಕೊಡುವ ಐದು ನಿಮಿಷ ಅವರ ಕೆಲಸಕ್ಕೆ ಬರಬೇಕಾದರೆ ಏನು ಬರೆಯಬೇಕು? ಎರಡನ್ನೂ ಒಟ್ಟಿಗೇ ನೋಡೋಣ, ಯಾಕೆಂದರೆ ಒಂದು ಕಲಿತರೆ ಇನ್ನೊಂದು ಅರ್ಧ ಬಂದಹಾಗೆ.

ಯಾವ ಜಾಮ್ ಸೇರಬೇಕು?

ಗೇಮ್ ಜಾಮ್ ಅಂದರೆ ಕೊಟ್ಟ ಗಡುವಿನೊಳಗೆ, ಆಗಷ್ಟೇ ಹೇಳಿದ ಥೀಮ್ ಹಿಡಿದು ಆಟ ಮಾಡುವ ಕೂಟ. 2002ರಲ್ಲಿ ಶುರುವಾದ ಲುಡಮ್ ಡೇರ್‌ನಲ್ಲಿ ಒಬ್ಬರೇ ಕೂತು 48 ಗಂಟೆಯಲ್ಲಿ ಎಲ್ಲ ಮಾಡುವ ವಿಭಾಗ ಒಂದು, 72 ಗಂಟೆಯ ತಂಡದ ವಿಭಾಗ ಇನ್ನೊಂದು. ಗೇಮ್ ಮೇಕರ್ಸ್ ಟೂಲ್‌ಕಿಟ್ ಅನ್ನುವ ಯೂಟ್ಯೂಬ್ ಚಾನೆಲ್ ನಡೆಸುವ ಜಿಎಂಟಿಕೆ ಜಾಮ್ 2017ರಲ್ಲಿ ಬಂತು. ಮೊದಲು 48 ಗಂಟೆ ಇತ್ತು, 2024ರಲ್ಲಿ 96 ಆಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಆಟಗಳ ಜಾಮ್ ಜೆಎಸ್13ಕೆ ಇನ್ನೊಂದು ಥರ: ಆಗಸ್ಟ್ 13ರಿಂದ ಸೆಪ್ಟೆಂಬರ್ 13ರವರೆಗೆ ಒಂದು ತಿಂಗಳು ಸಮಯ ಇದೆ, ಆದರೆ ಇಡೀ ಆಟದ ಜಿಪ್ ಫೈಲ್ 13 ಕಿಲೋಬೈಟ್ ಮೀರಬಾರದು. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜಾಮ್ ಜನವರಿ ಕೊನೆಯ ಹೊತ್ತಿಗೆ ಬರುತ್ತದೆ. ಅದಕ್ಕೆ ಜನ ಒಂದೊಂದು ಊರಿನ ಕೇಂದ್ರದಲ್ಲಿ ಸೇರುತ್ತಾರೆ, ಬೆಂಗಳೂರಿನಲ್ಲೂ ಕೇಂದ್ರಗಳು ನಡೆದಿವೆ. ಅಲ್ಲಿ ಸ್ಪರ್ಧೆ ಇಲ್ಲ, ರ‍್ಯಾಂಕ್ ಇಲ್ಲ. ಮೊದಲ ಸಲ ಹೋಗುವವರಿಗೆ ನನ್ನ ಓಟು ಅದಕ್ಕೇ. ಅಪರಿಚಿತರ ಅಭಿಪ್ರಾಯ ಬೇಕು ಅಂದರೆ ಮಾತ್ರ ರೇಟಿಂಗ್ ಇರುವ ಜಾಮ್ ಹುಡುಕಿ.

ಒಂದೇ ವಾಕ್ಯದ ಆಟ

2025ರ ಜಿಎಂಟಿಕೆ ಜಾಮ್ ಥೀಮ್ 'ಲೂಪ್'. ಅಂದರೆ ಸುತ್ತು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಥೀಮ್ ಕೇಳಿದ ತಕ್ಷಣ ತಲೆಗೆ ಬರುವ ಮೊದಲ ಐಡಿಯಾ ನೂರಾರು ಜನರಿಗೂ ಬಂದಿರುತ್ತದೆ. ಅದನ್ನು ಬರೆದು ಪಕ್ಕಕ್ಕಿಡಿ. ಇನ್ನೂ ಒಂದಷ್ಟು ಬರೆಯಿರಿ. ಆಮೇಲೆ ಪ್ರತಿಯೊಂದನ್ನೂ 'ಆಟಗಾರ ಇಂಥದ್ದು ಮಾಡುತ್ತಾನೆ, ಆದರೆ ಇಂಥದ್ದು ಅಡ್ಡ ಬರುತ್ತದೆ' ಅನ್ನುವ ಒಂದೇ ವಾಕ್ಯಕ್ಕೆ ಇಳಿಸಿ ನೋಡಿ. ಇಳಿಯದಿದ್ದರೆ ಬಿಟ್ಟುಬಿಡಿ.

ನಮ್ಮ ಉದಾಹರಣೆ ಹೀಗಿರಲಿ: 'ಸಿಟಿ ಬಸ್ಸಿನಲ್ಲಿ ಜನರನ್ನು ಹತ್ತಿಸಿಕೊಂಡು ಊರು ಸುತ್ತಬೇಕು, ಆದರೆ ಹಿಂದಿನ ಸುತ್ತುಗಳಲ್ಲಿ ನೀವೇ ಓಡಿಸಿದ ಬಸ್ಸುಗಳು ಮತ್ತೆ ಅದೇ ದಾರಿಯಲ್ಲಿ ಓಡುತ್ತಿರುತ್ತವೆ, ಅವಕ್ಕೆ ಗುದ್ದಬಾರದು.' ಒಂದೊಂದು ಸುತ್ತೂ ಬೇರೆ ಬೇರೆ ನಿಲ್ದಾಣದಿಂದ ಶುರು. ಹಾಗಾಗಿ ದಾರಿಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಐದನೇ ಸುತ್ತಿಗೆ ಇಡೀ ಊರಿನ ಟ್ರಾಫಿಕ್ ನೀವೇ ಮಾಡಿಟ್ಟದ್ದು!

ಇನ್ನು ಆಸೆಗಳು ಶುರುವಾಗುತ್ತವೆ. ಕಂಡಕ್ಟರ್ ಇರಲಿ, ಚಿಲ್ಲರೆ ಜಗಳ ಇರಲಿ, ಮಳೆ ಬರಲಿ, ಡೀಸೆಲ್ ಖಾಲಿಯಾಗಲಿ. ಯಾವುದೂ ಬೇಡ. ಬಾಬಾ ಈಸ್ ಯು ಅನ್ನುವ ಆಟ ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ. ಪರದೆ ಮೇಲೆ ಪದಗಳಾಗಿ ಬಿದ್ದಿರುವ ನಿಯಮಗಳನ್ನು ತಳ್ಳಿ ಆಟದ ನಿಯಮವನ್ನೇ ಬದಲಿಸುವುದು, ಇಷ್ಟೇ ಅದರ ಐಡಿಯಾ. ಅದನ್ನು ಬೆಳೆಸಿ ಪೂರ್ತಿ ಆಟವಾಗಿ ಬಿಡುಗಡೆ ಮಾಡಿದ್ದು 2019ರಲ್ಲಿ. ಬೆಳೆಸುವುದು ಆಮೇಲಿನ ಕೆಲಸ.

ಚೌಕಗಳಿಂದ ಶುರು ಮಾಡಿ

ನಿಮಗೆ ಈಗಾಗಲೇ ಬರುವ ಎಂಜಿನ್, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್ ಬಳಸಿ. ಹೊಸದನ್ನು ಕಲಿಯಲು ಜಾಮ್ ಒಳ್ಳೆ ಸಮಯ ಅಲ್ಲ. ಯಾವುದೂ ಬಾರದಿದ್ದರೆ ಒಂದೆರಡು ವಾರ ಮುಂಚೆಯೇ ಗೊಡೊ ಇಳಿಸಿಕೊಳ್ಳಿ. ಅರ್ಜೆಂಟೀನಾದ ಇಬ್ಬರು ಕಟ್ಟಿದ ಎಂಜಿನ್ ಅದು. 2014ರಿಂದ ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ಮೊದಲು ಬಣ್ಣದ ಚೌಕಗಳಲ್ಲೇ ಆಟ ಮಾಡಿ. ಬಸ್ಸು ಒಂದು ಹಳದಿ ಚೌಕ, ಜನ ಚಿಕ್ಕ ಬಿಳಿ ಚೌಕ. ಹಳೇ ಬಸ್ಸು ಮತ್ತೆ ಓಡುವುದು ಕೇಳಲು ಕಷ್ಟ ಅನಿಸಿದರೂ ಮಾಡಲು ಸುಲಭ. ಗೊಡೊ ಚಲನೆಯ ಲೆಕ್ಕವನ್ನು ಮಾಮೂಲಾಗಿ ಸೆಕೆಂಡಿಗೆ 60 ಸಲ ಮಾಡುತ್ತದೆ. ಪ್ರತಿ ಸಲ ಬಸ್ಸು ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ. 20 ಸೆಕೆಂಡಿನ ಸುತ್ತಿಗೆ 1200 ನಮೂದು, ಕಂಪ್ಯೂಟರ್‌ಗೆ ಅದೊಂದು ಲೆಕ್ಕವೇ ಅಲ್ಲ. ಮುಂದಿನ ಸುತ್ತಿನಲ್ಲಿ ಅದೇ ಪಟ್ಟಿಯನ್ನು ಮೊದಲಿಂದ ಓದಿಸಿದರೆ ಹಳೇ ಬಸ್ಸು ತಾನಾಗಿಯೇ ಓಡುತ್ತದೆ.

ಮೊದಲ ದಿನ ಮುಗಿಯುವ ಹೊತ್ತಿಗೆ ಚೌಕಗಳಲ್ಲೇ ಆಟ ಮಜಾ ಕೊಡಬೇಕು. ಕೊಡದಿದ್ದರೆ ಒಳ್ಳೆ ಚಿತ್ರ ಹಾಕಿದರೂ ಕೊಡುವುದಿಲ್ಲ. ವೇಗ ಹೆಚ್ಚಿಸಿ ನೋಡಿ, ಸುತ್ತು ಚಿಕ್ಕದು ಮಾಡಿ ನೋಡಿ. ಆಮೇಲೆ ಮಲಗಿ. ನಿದ್ದೆಗೆಟ್ಟು ಬರೆದ ಕೋಡ್‌ನ ತಪ್ಪು ಹುಡುಕುವಷ್ಟರಲ್ಲಿ ಎರಡನೇ ದಿನವೂ ಮುಗಿದಿರುತ್ತದೆ.

ಚಿತ್ರಕ್ಕೆ ಬ್ರೌಸರ್‌ನಲ್ಲೇ ಬಳಸಬಹುದಾದ ಪಿಸ್ಕೆಲ್ ಸಾಕು. ಸದ್ದಿಗೆ ಎಸ್‌ಎಫ್‌ಎಕ್ಸ್‌ಆರ್ ಇದೆ. ಗುಂಡಿ ಒತ್ತಿದರೆ ನೆಗೆತದ ಸದ್ದು, ಸ್ಫೋಟದ ಸದ್ದು ಎಲ್ಲ ಹುಟ್ಟುತ್ತದೆ. 2007ರಲ್ಲಿ ಲುಡಮ್ ಡೇರ್‌ಗೆ ಬಂದವರು ಸದ್ದಿಲ್ಲದ ಆಟ ಕಳಿಸದಿರಲಿ ಅಂತಲೇ ಅದನ್ನು ಮಾಡಿದ್ದು. ಇಂದಿಗೂ ಅದರ ಮರಿಗಳು ಬ್ರೌಸರ್‌ನಲ್ಲಿ ಸಿಗುತ್ತವೆ.

ಕನ್ನಡ ಅಕ್ಷರ ಹಾಕುವವರಿಗೆ

ಆಟದಲ್ಲಿ ಕನ್ನಡ ಬರಹ ಇರಬೇಕು ಅಂದರೆ ಗೊಡೊ 4 ಅಥವಾ ಅದಕ್ಕಿಂತ ಹೊಸದನ್ನೇ ಬಳಸಿ. ಹಿಂದಿನ ಆವೃತ್ತಿಯಲ್ಲಿ ಒತ್ತಕ್ಷರ ಕೂಡುತ್ತಿರಲಿಲ್ಲ, 'ಬಸ್ಸು' ಅಂತ ಬರೆದರೆ ಚೂರುಚೂರಾಗಿ ಕಾಣುತ್ತಿತ್ತು. ಇನ್ನೊಂದು ಗುಂಡಿ ಇದೆ, ಬೀಳಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇರುವುದರಿಂದ ಅಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಅದೇ ಆಟ ಬ್ರೌಸರ್‌ಗೆ ಹೋದರೆ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು. ಬ್ರೌಸರ್‌ನಲ್ಲಿ ಓಡುವಾಗ ಎಂಜಿನ್‌ಗೆ ಕಂಪ್ಯೂಟರ್‌ನ ಫಾಂಟ್ ಸಿಗುವುದಿಲ್ಲ. ಆದ್ದರಿಂದ ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಫೈಲನ್ನು ಆಟದೊಳಗೇ ಸೇರಿಸಿ. ಜಾಮ್‌ಗೆ ಬರುವ ಎಲ್ಲರಿಗೂ ಕನ್ನಡ ಬರುವುದಿಲ್ಲ, ಅಲ್ವಾ? ಹಾಗಾಗಿ ಬರಹ ಇಲ್ಲದೆಯೂ ಆಟ ಅರ್ಥವಾಗಲಿ. ನಿಲ್ದಾಣದ ಬೋರ್ಡು ಕನ್ನಡದಲ್ಲಿದ್ದರೆ ಅದಕ್ಕೊಂದು ಬಣ್ಣವೂ ಇರಲಿ.

ಬಾಯಿ ಮುಚ್ಚಿಕೊಂಡು ಆಡಿಸಿ

ಎರಡನೇ ದಿನ ಬೆಳಿಗ್ಗೆ ಮನೆಯಲ್ಲಿ ಯಾರಾದರೂ ಒಬ್ಬರ ಕೈಗೆ ಆಟ ಕೊಡಿ. ತಮ್ಮ, ಅತ್ತಿಗೆ, ರೂಮ್‌ಮೇಟ್, ಯಾರಾದರೂ ಸರಿ. ಏನೂ ವಿವರಿಸಬೇಡಿ. 'ಅಲ್ಲಿ ಅಲ್ಲ, ಆ ಕಡೆ' ಅಂತ ನಾಲಿಗೆ ತುದಿಗೆ ಬರುತ್ತದೆ, ತಡೆದುಕೊಳ್ಳಿ. ಎಲ್ಲಿ ಕೈ ನಿಂತಿತು, ಎಲ್ಲಿ ಹುಬ್ಬು ಗಂಟಾಯಿತು ಅಂತ ಬರೆದುಕೊಳ್ಳಿ. ನೀವು ವಿವರಿಸಬೇಕು ಅನಿಸಿದ ಪ್ರತಿ ಜಾಗವೂ ಸರಿ ಮಾಡಬೇಕಾದ ಜಾಗ. ಇಲ್ಲಿ ಗೊತ್ತಾಗುವ ಇನ್ನೊಂದು ಸಂಗತಿ, ಆಟ ನೀವಂದುಕೊಂಡದ್ದಕ್ಕಿಂತ ತುಂಬಾ ಕಷ್ಟ ಇರುತ್ತದೆ. ನಿನ್ನೆಯಿಂದ ಆಡಿ ಆಡಿ ನಿಮ್ಮ ಕೈ ಪಳಗಿದೆ, ಅವರದ್ದು ಪಳಗಿಲ್ಲ. ಮೊದಲ ಸುತ್ತು ನಿಮಗೆ ನಾಚಿಕೆ ಆಗುವಷ್ಟು ಸುಲಭ ಇರಲಿ.

ಅಪ್‌ಲೋಡ್ ಕೊನೆಗೆ ಇಟ್ಟುಕೊಳ್ಳಬೇಡಿ

ಚೌಕಗಳ ಆಟ ಓಡಿದ ದಿನವೇ, ಆಟ ಹಂಚುವ, ಜಾಮ್‌ಗಳೂ ನಡೆಯುವ ತಾಣವಾದ ಇಚ್ ಡಾಟ್ ಐಒದಲ್ಲಿ ಪುಟ ಮಾಡಿ ಒಮ್ಮೆ ಏರಿಸಿ ನೋಡಿ. ಬ್ರೌಸರ್‌ನಲ್ಲೇ ಆಡುವಂತಿರಲಿ. ಗೊತ್ತಿಲ್ಲದವರು ಕೊಟ್ಟ ಫೈಲ್ ಇಳಿಸಿ ಓಡಿಸಲು ಜನ ಹಿಂಜರಿಯುತ್ತಾರೆ, ವಿಂಡೋಸ್ ಬೇರೆ ಎಚ್ಚರಿಕೆ ತೋರಿಸುತ್ತದೆ. ಜಿಪ್ ಫೈಲ್ ಬಿಚ್ಚಿದ ಕೂಡಲೇ ಬ್ರೌಸರ್ ಮೊದಲು ತೆರೆಯುವ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಫೈಲ್ ಮೊದಲ ಹಂತದಲ್ಲೇ ಸಿಗಬೇಕು, ಒಳಗಿನ ಫೋಲ್ಡರ್‌ನಲ್ಲಿ ಅಡಗಿರಬಾರದು. ಶುರುವಿನಲ್ಲಿ 'ಆಡಿ' ಅನ್ನುವ ಗುಂಡಿ ಇರಲಿ. ಆಟಗಾರ ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರ್ ಸದ್ದು ಹೊರಡಿಸುವುದಿಲ್ಲ.

ಕೀಲಿಗಳ ಬಗ್ಗೆ: ಆಟದಲ್ಲಿ ಓಡಾಡಲು ಬಳಸುವ ಎ, ಡಬ್ಲ್ಯೂ ಫ್ರೆಂಚ್ ಕೀಬೋರ್ಡ್‌ನಲ್ಲಿ ನಮ್ಮ ಜಾಗದಲ್ಲಿ ಇರುವುದಿಲ್ಲ. ಅಕ್ಷರ ನೋಡದೆ ಕೀಲಿಯ ಜಾಗ ನೋಡುವ ಆಯ್ಕೆ ಗೊಡೊದಲ್ಲಿದೆ, ಅದನ್ನೇ ಬಳಸಿ. ಬಾಣದ ಕೀಲಿಗಳೂ ಕೆಲಸ ಮಾಡಲಿ. ಕೊನೆಯ ನಾಲ್ಕು ಗಂಟೆ ಹೊಸದೇನನ್ನೂ ಸೇರಿಸಬೇಡಿ.

ಬೇರೆಯವರ ಆಟ ಆಡುವಾಗ

ಗಡುವು ಮುಗಿದ ಮೇಲೆ ಜಾಸ್ತಿ ಜನ ಕಾಣೆಯಾಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸ್ವಾರ್ಥದ ಕಾರಣವೂ ಇದೆ. ಲುಡಮ್ ಡೇರ್‌ನಲ್ಲಿ ಕನಿಷ್ಠ 20 ರೇಟಿಂಗ್ ಬರದಿದ್ದರೆ ಆಟಕ್ಕೆ ರ‍್ಯಾಂಕ್ ಇಲ್ಲ, ಬೇರೆಯವರಿಗೆ ರೇಟಿಂಗ್ ಕೊಟ್ಟವರ ಆಟ ಅಲ್ಲಿ ಎದ್ದು ಕಾಣುತ್ತದೆ. ಇಚ್‌ನಲ್ಲಿ ಲೆಕ್ಕ ಬೇರೆ. ಜಾಮ್‌ನ ಆಟಗಳನ್ನೆಲ್ಲ ಮತಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಆಟದಷ್ಟಾದರೂ ಮತ ನಿಮಗೆ ಬೇಕು, ಇಲ್ಲದಿದ್ದರೆ ಅಂಕ ಕಡಿತ. ನಡುವಿನ ಆಟಕ್ಕೆ 16 ಮತ, ನಿಮಗೆ 4 ಮಾತ್ರ ಅಂತ ಇಟ್ಟುಕೊಳ್ಳಿ. 4/16ರ ವರ್ಗಮೂಲ ಅರ್ಧ, ಹಾಗಾಗಿ ನಿಮ್ಮ ಸರಾಸರಿ 4 ಸ್ಟಾರ್ ಇದ್ದರೂ ಲೆಕ್ಕಕ್ಕೆ ಬರುವುದು ಅದರ ಅರ್ಧ, 2. ನೀವು ನಾಲ್ಕು ಜನರ ಆಟ ಆಡಿ ಬರೆದರೆ ಅವರಲ್ಲಿ ಕೆಲವರಾದರೂ ನಿಮ್ಮ ಆಟ ನೋಡಲು ಬರಬಹುದು.

ಬರೆಯುವಾಗ 'ಸೂಪರ್' ಅಂತ ಸುಮ್ನೆ ಒಂದು ಪದ ಹಾಕಿ ಹೋಗಬೇಡಿ. ಓದಿದವರಿಗೆ ಖುಷಿಯಾಗುತ್ತದೆ ನಿಜ, ಆದರೆ ಅದರಿಂದ ಏನೂ ಮಾಡಲು ಬರುವುದಿಲ್ಲ. 'ಇದನ್ನು ಮಲ್ಟಿಪ್ಲೇಯರ್ ಮಾಡಿ' ಅನ್ನುವುದು ಅದಕ್ಕಿಂತ ಕೆಟ್ಟದ್ದು. ಹಾಗೆ ಮಾಡಿದರೆ ಅದು ನಿಮ್ಮ ಆಟವಾಗುತ್ತದೆ, ಅವರದ್ದಲ್ಲ. ಡಾಕ್ಟರ ಹತ್ತಿರ ಹೋದವರು ಎಲ್ಲಿ ನೋವು, ಯಾವಾಗಿಂದ ಅಂತ ಹೇಳುತ್ತಾರೆಯೇ ಹೊರತು ಮಾತ್ರೆಯ ಹೆಸರು ಹೇಳುವುದಿಲ್ಲ. ಆಟಗಾರನ ಕೆಲಸವೂ ಅಷ್ಟೇ.

ನಮ್ಮ ಬಸ್ಸಿನ ಆಟಕ್ಕೆ ಹೀಗೆ ಬಂದರೆ ಚಿನ್ನ: 'ಫೈರ್‌ಫಾಕ್ಸ್‌ನಲ್ಲಿ ಆಡಿದೆ, ನಾಲ್ಕನೇ ಸುತ್ತಿನವರೆಗೆ ಹೋದೆ. ಮೊದಲ ಸಲ ನನ್ನದೇ ಹಳೇ ಬಸ್ಸು ಎದುರು ಬಂದಾಗ ನಗು ಬಂತು. ಮೂರನೇ ಸುತ್ತಿನಲ್ಲಿ ಎಡಗಡೆಯಿಂದ ಬಂದ ಬಸ್ಸು ಕಾಣದೆ ಮತ್ತೆ ಮತ್ತೆ ಗುದ್ದಿದೆ, ರಸ್ತೆಯ ಬಣ್ಣವೂ ಅದರ ಬಣ್ಣವೂ ಒಂದೇ ಥರ ಇತ್ತು. ಗುದ್ದಿದಾಗ ಮೊದಲ ಸುತ್ತಿಗೇ ವಾಪಸ್ ಕಳಿಸಿದ್ದರಿಂದ ಬಿಟ್ಟೆ.' ಇದರಲ್ಲಿ ಎಲ್ಲಿ ಆಡಿದ್ದು, ಎಲ್ಲಿಯವರೆಗೆ, ಯಾವುದು ಹಿಡಿಸಿತು, ಎಲ್ಲಿ ಸಿಕ್ಕಿಬಿದ್ದದ್ದು, ಯಾಕೆ ನಿಲ್ಲಿಸಿದ್ದು ಎಲ್ಲ ಬಂತು. ಯಾಕೆ ನಿಲ್ಲಿಸಿದಿರಿ ಅನ್ನುವುದನ್ನು ಮಾತ್ರ ತಪ್ಪಿಸಬೇಡಿ. ಎಷ್ಟೋ ಜನ ಮರ್ಯಾದೆಗೆ ಅದನ್ನು ಬರೆಯುವುದಿಲ್ಲ, ಆಟ ಮಾಡಿದವರಿಗೆ ಎಲ್ಲಕ್ಕಿಂತ ಬೇಕಾದದ್ದು ಅದೇ.

ಆಟ ಓಪನ್ನೇ ಆಗದಿದ್ದರೆ ಕಡಿಮೆ ಸ್ಟಾರ್ ಕೊಡುವ ಮೊದಲು ಅದನ್ನು ತಿಳಿಸಿ. ಹಿಡಿಸಿದ್ದನ್ನೂ ಅಷ್ಟೇ ಖಚಿತವಾಗಿ ಬರೆಯಿರಿ. ಇಲ್ಲದಿದ್ದರೆ ಅವರು ಅದನ್ನೇ ಕಿತ್ತು ಹಾಕಿಬಿಡಬಹುದು.

ನಿಮಗೆ ಬಂದದ್ದನ್ನು ಏನು ಮಾಡಬೇಕು?

ವಾದಕ್ಕೆ ಇಳಿಯಬೇಡಿ. 'ಅಲ್ಲಿ ಬಲಗಡೆ ನೋಡಬೇಕಿತ್ತು' ಅಂತ ಉತ್ತರ ಕೊಟ್ಟರೆ ಅವರಿಗೆ ಕಾಣಲಿಲ್ಲ ಅನ್ನುವುದು ಬದಲಾಗುವುದಿಲ್ಲ. ಬಂದ ಮಾತುಗಳನ್ನೆಲ್ಲ ಒಂದು ಕಡೆ ಇಟ್ಟು, ಒಂದೇ ಜಾಗದ ಬಗ್ಗೆ ಎಷ್ಟು ಜನ ಹೇಳಿದ್ದಾರೆ ನೋಡಿ. ಮೂವರು ಮೂರನೇ ಸುತ್ತಿನಲ್ಲಿ ಗುದ್ದಿದ್ದಾರೆ, ಒಬ್ಬರು ಹಾರ್ನ್ ಬೇಕು ಅಂದಿದ್ದಾರೆ, ಇನ್ನೊಬ್ಬರು ಬಸ್ಸು ನಿಧಾನ ಮಾಡಿ ಅಂದಿದ್ದಾರೆ. ಐದೂ ಒಂದೇ ದೂರು ಇರಬಹುದು: ಎದುರು ಬರುವುದು ಮೊದಲೇ ಗೊತ್ತಾಗುತ್ತಿಲ್ಲ. ಹಾರ್ನ್ ಹಾಕಬೇಕೋ, ಬಣ್ಣ ಬದಲಿಸಬೇಕೋ, ಹಳೇ ಬಸ್ಸಿನ ಮುಂದೆ ಹೆಡ್‌ಲೈಟ್ ಬೆಳಕು ಬಿಡಬೇಕೋ ಅನ್ನುವುದು ನಿಮ್ಮ ತೀರ್ಮಾನ. ನನ್ನನ್ನು ಕೇಳಿದರೆ ಹೆಡ್‌ಲೈಟ್.

ತಿದ್ದಲು ಅವಸರ ಬೇಡ. ರೇಟಿಂಗ್ ನಡೆಯುವಾಗ ಕೆಲವು ಜಾಮ್‌ಗಳು ಫೈಲ್ ಮುಟ್ಟಲೇ ಬಿಡುವುದಿಲ್ಲ, ಕೆಲವು ಬಗ್ ಸರಿ ಮಾಡಲು ಮಾತ್ರ ಬಿಡುತ್ತವೆ. ನಿಯಮ ಓದಿಕೊಳ್ಳಿ. ರೇಟಿಂಗ್ ಮುಗಿದ ಮೇಲೆ ಹೊಸ ಆವೃತ್ತಿ ಏರಿಸಿ, ಜಾಮ್‌ಗೆ ಕಳಿಸಿದ ಹಳೆಯದನ್ನೂ ಪಕ್ಕದಲ್ಲೇ ಉಳಿಸಿ. ಏನು ಬದಲಾಯಿತು ಅಂತ ಎರಡು ಸಾಲು ಬರೆದು, ಗುದ್ದಿದೆ ಅಂದ ಆ ಮೂವರಿಗೆ ಮತ್ತೊಮ್ಮೆ ಆಡಿ ನೋಡಲು ಹೇಳಿ.