ಅಪರಾಧದ ಸಿದ್ಧಾಂತಗಳನ್ನು ಒಂದೇ ಹಗರಣ ಹಿಡಿದು ಓದುವುದು ಹೇಗೆ

ಸಮಾಜಶಾಸ್ತ್ರ ಓದುವವರು ‘ಅಪರಾಧ ಮತ್ತು ವಿಚಲನೆ’ ಪಾಠಕ್ಕೆ ಬಂದರೆ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಸಮಾಜಶಾಸ್ತ್ರಜ್ಞರ ಹೆಸರು ಹಿಡಿದು, ಡರ್ಖೀಮ್ ಹೀಗಂದ, ಮರ್ಟನ್ ಹಾಗಂದ, ಬೆಕರ್ ಇನ್ನೇನೋ ಅಂದ ಅಂತ ಉರು ಹೊಡೆಯುವುದು. ಪರೀಕ್ಷೆಯಲ್ಲಿ ‘ವಿಶ್ಲೇಷಿಸಿ’ ಅಂತ ಬಂದರೆ ಅದೇ ಹೆಸರುಗಳನ್ನು ಸಾಲಾಗಿ ಬರೆದು ಎದ್ದು ಬರುವುದು. ಅದು ವಿಶ್ಲೇಷಣೆ ಅಲ್ಲ, ಹಾಜರಿ ಪುಸ್ತಕ.

ಹಾಗೆ ಮಾಡಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಕರಣ ಆರಿಸಿಕೊಳ್ಳಿ, ಅದನ್ನೇ ಒಂದೊಂದು ಸಿದ್ಧಾಂತದ ಮುಂದೂ ಇಡಿ. ಇವೆಲ್ಲ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರ ಅಂದುಕೊಂಡಿದ್ದರೆ ಮೊದಲು ಅದನ್ನು ಬಿಡಿ. ಅವು ಕೇಳುತ್ತಿರುವ ಪ್ರಶ್ನೆಗಳೇ ಬೇರೆ ಬೇರೆ. ಅದು ಹೊಳೆದರೆ ಪಾಠ ಅರ್ಧ ಮುಗಿದಂತೆ.

ನಾನು ಇಲ್ಲಿ ಹಿಡಿಯುವುದು ನಮ್ಮ ರಾಜ್ಯದ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ನೇಮಕಾತಿ ಹಗರಣ. 545 ಹುದ್ದೆ. 2021ರ ಅಕ್ಟೋಬರ್‌ನಲ್ಲಿ 54 ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಕಲಬುರಗಿಯ ಒಂದು ಕೇಂದ್ರದಿಂದ ಅಕ್ರಮದ ಸುದ್ದಿ ಹೊರಬಂತು, ಸಿಐಡಿ ತನಿಖೆ ಶುರುವಾಯಿತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೂ ಬಂಧನಕ್ಕೊಳಗಾದರು. ಕಾನೂನು ಕಾಯಬೇಕಾದವರ ನೇಮಕಾತಿಯಲ್ಲೇ ಇದು ನಡೆದದ್ದು, ಹಾಗಾಗಿ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಒಂದು ಎಚ್ಚರಿಕೆ: ಆರೋಪ ಬೇರೆ, ಸಾಬೀತು ಬೇರೆ. ಉತ್ತರದಲ್ಲಿ ಯಾರ ಹೆಸರನ್ನೂ ಬರೆಯಬೇಡಿ, ಅದರಿಂದ ಅಂಕವೂ ಬರುವುದಿಲ್ಲ.

ಶುರುವಿನಲ್ಲೇ ಅಪರಾಧ ಯಾವುದು, ವಿಚಲನೆ ಯಾವುದು ಅಂತ ಬೇರೆ ಮಾಡಿಕೊಳ್ಳಿ. ಕಾನೂನು ಮುರಿದರೆ ಅಪರಾಧ. ಜನ ಒಪ್ಪಿಕೊಂಡ ರೀತಿನೀತಿ ಮುರಿದರೆ ವಿಚಲನೆ. ಎರಡೂ ಯಾವಾಗಲೂ ಒಟ್ಟಿಗೇ ಹೋಗುವುದಿಲ್ಲ. ಜಾತಿ ಬಿಟ್ಟು ಮದುವೆಯಾದರೆ ಕಾನೂನಿನ ತಕರಾರಿಲ್ಲ, ಆದರೆ ಎಷ್ಟೋ ಊರಲ್ಲಿ ಇವತ್ತಿಗೂ ಆ ಮನೆಯವರನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ವರದಕ್ಷಿಣೆ 1961ರಿಂದ ಅಪರಾಧ, ಆದರೆ ‘ಹುಡುಗನಿಗೆ ಏನು ಕೊಟ್ರಿ’ ಅಂತ ಕೇಳುವುದಕ್ಕೆ ಯಾರೂ ದನಿ ತಗ್ಗಿಸುವುದಿಲ್ಲ.

ಈಗ ಮರ್ಟನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. 1938ರಲ್ಲಿ ಈ ಅಮೆರಿಕನ್ ಸಮಾಜಶಾಸ್ತ್ರಜ್ಞ ಹೇಳಿದ್ದು ಇಷ್ಟು: ಸಮಾಜ ಎಲ್ಲರ ಮುಂದೆ ಒಂದೇ ಗುರಿ ಇಡುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಎಲ್ಲರಿಗೂ ಕೊಡುವುದಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ದುಡ್ಡಿನ ಹಿಂದೆ ಬಿದ್ದ ಅಮೆರಿಕ. ನಮ್ಮಲ್ಲಿ ಆ ಜಾಗದಲ್ಲಿ ಸರ್ಕಾರಿ ನೌಕರಿ ಇಟ್ಟು ನೋಡಿ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರಲ್ಲಿ ಮರ್ಟನ್ ಹೇಳಿದ ಐದೂ ಬಗೆ ಸಿಗುತ್ತವೆ. ಸುಮ್ನೆ ಓದಿಕೊಂಡು ಪರೀಕ್ಷೆ ಬರೆಯುವವರು ಜಾಸ್ತಿ, ಅದು ಅನುಸರಣೆ. ಕೆಲಸ ಸಿಗುವ ಆಸೆ ಯಾವಾಗಲೋ ಸತ್ತಿದ್ದರೂ ದಿನಾ ಲೈಬ್ರರಿಗೆ ಹೋಗಿ ಕೂರುವವನು, ಬಂದ ಅರ್ಜಿಯನ್ನೆಲ್ಲ ತುಂಬುವವನು, ಅವನದು ಬರೀ ಆಚರಣೆ. ಎಲ್ಲಾ ಬಿಟ್ಟು ಕುಡಿತಕ್ಕೆ ಬಿದ್ದವನದು ಪಲಾಯನ. ಈ ವ್ಯವಸ್ಥೆಯೇ ಬೇಡ, ಬೇರೆ ಕಟ್ಟೋಣ ಅಂತ ಹೊರಟವನದು ಬಂಡಾಯ. ಗುರಿ ಅದೇ ಇರಲಿ, ದಾರಿ ಮಾತ್ರ ಬೇರೆ ಹಿಡಿಯೋಣ ಅನ್ನುವವನನ್ನು ಮರ್ಟನ್ ನಾವೀನ್ಯದ ಗುಂಪಿಗೆ ಹಾಕುತ್ತಾನೆ. ಹಗರಣದ ಅಭ್ಯರ್ಥಿ ಬರುವುದು ಅಲ್ಲಿಗೆ.

ಎಷ್ಟು ಸರಿಯಾಗಿ ಕೂರುತ್ತದೆ ಅಲ್ವಾ? ಇಲ್ಲೇ ಅನುಮಾನ ಪಡಬೇಕು. ದಾರಿ ಇಲ್ಲದವನು ಅಡ್ಡದಾರಿ ಹಿಡಿಯುತ್ತಾನೆ ಅನ್ನುವುದಾದರೆ, ಈ ಪ್ರಕರಣದಲ್ಲಿ ಒಂದು ಸೀಟಿಗೆ ಲಕ್ಷಗಟ್ಟಲೆ ದುಡ್ಡು ಕೊಟ್ಟರು ಅನ್ನುವ ಆರೋಪವನ್ನು ಏನು ಮಾಡೋಣ? ತೀರಾ ಬಡವನಿಗೆ ಆ ಅಡ್ಡದಾರಿಯೂ ತೆರೆದಿರಲಿಲ್ಲ. ಕ್ಲೋವರ್ಡ್ ಮತ್ತು ಓಹ್ಲಿನ್ 1960ರಲ್ಲಿ ಎತ್ತಿದ್ದು ಇದೇ ಮಾತನ್ನು: ನ್ಯಾಯವಾದ ದಾರಿಯ ಅವಕಾಶ ಹೇಗೆ ಎಲ್ಲರಿಗೂ ಸಿಗುವುದಿಲ್ಲವೋ, ಅಕ್ರಮದ ಅವಕಾಶವೂ ಹಾಗೇ. ಮರ್ಟನ್ ಬರೆದ ಮೇಲೆ ಇದನ್ನು ಬರೆಯದಿದ್ದರೆ ಉತ್ತರ ಅರ್ಧಕ್ಕೇ ನಿಂತಂತೆ.

ಮುಂದಿನ ಪ್ರಶ್ನೆ: ಅಕ್ರಮ ಮಾಡುವುದನ್ನು ಕಲಿತದ್ದು ಎಲ್ಲಿ? ಇದು ಎಡ್ವಿನ್ ಸದರ್‌ಲ್ಯಾಂಡ್ ಕೇಳಿದ ಪ್ರಶ್ನೆ. ಅಪರಾಧ ರಕ್ತದಲ್ಲಿ ಬರುವುದಿಲ್ಲ, ಹತ್ತಿರದವರ ಸಹವಾಸದಲ್ಲಿ ಕಲಿಯುವಂಥದ್ದು ಅನ್ನುವುದು ಅವನ ವಾದ. ಆರೋಪಗಳಲ್ಲಿ ಬಂದ ಒಎಂಆರ್ ಹಾಳೆಯ ವಿಷಯವನ್ನೇ ನೋಡಿ. ಅಭ್ಯರ್ಥಿ ಗೊತ್ತಿದ್ದಷ್ಟು ಗುರುತು ಮಾಡಿ ಉಳಿದದ್ದನ್ನು ಖಾಲಿ ಬಿಡಬೇಕು. ಆಮೇಲೆ ಯಾರೋ ಸರಿಯುತ್ತರ ತರಬೇಕು, ಯಾರೋ ಕೂತು ವೃತ್ತಗಳನ್ನು ತುಂಬಬೇಕು, ಕೊಠಡಿಯ ಮೇಲ್ವಿಚಾರಕ ಕಣ್ಣು ಮುಚ್ಚಿಕೊಳ್ಳಬೇಕು. ಬ್ಲೂಟೂತ್ ಬಳಸಿದರೆ ಹೊರಗೆ ಕೂತು ಉತ್ತರ ಓದುವವನೊಬ್ಬ ಬೇಕು. ಒಬ್ಬನೇ ಮನೆಯಲ್ಲಿ ಕೂತು ಯೋಚಿಸಿ ಇದನ್ನು ಮಾಡಲಾಗುವುದಿಲ್ಲ. ಕಸುಬನ್ನೂ ಕಲಿಯಬೇಕು, ಯಾರನ್ನು ನಂಬಬಹುದು ಅನ್ನುವುದನ್ನೂ ಕಲಿಯಬೇಕು.

ಅದರ ಜೊತೆಗೇ ನೆಪವನ್ನೂ ಕಲಿಯಬೇಕು. ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಇಂಥ ಐದು ನೆಪಗಳನ್ನು ಗುರುತಿಸಿದರು. ಅದರಲ್ಲಿ ನಾಲ್ಕನ್ನು ನಮ್ಮ ಮಾತಿನಲ್ಲಿ ಕೇಳಿ: ‘ನಂದೇನಿಲ್ಲ, ಎಲ್ಲಾ ಅವರೇ ಮಾಡಿಸಿದ್ದು’. ‘ಇದರಿಂದ ಯಾರಿಗೆ ಏನು ನಷ್ಟ?’ ‘ಮನೆಯವರಿಗೋಸ್ಕರ ಮಾಡಿದೆ.’ ‘ಹಿಡಿಯುವವರು ಮಾತ್ರ ಸಾಚಾನಾ?’ ಉತ್ತರದಲ್ಲಿ ಇಂಥ ಒಂದೆರಡು ಸಾಲು ಹಾಕಿದರೆ ಸಿದ್ಧಾಂತಕ್ಕೆ ಜೀವ ಬರುತ್ತದೆ.

ಈಗ ಪ್ರಶ್ನೆಯನ್ನೇ ತಿರುಗಿಸಿ. 54 ಸಾವಿರ ಜನರಲ್ಲಿ ಹೆಚ್ಚಿನವರ ಮೇಲೆ ಯಾವ ಆರೋಪವೂ ಇಲ್ಲ. ಆಸೆ ಅವರಿಗೂ ಇತ್ತಲ್ಲ, ಅವರನ್ನು ತಡೆದದ್ದು ಏನು? ಟ್ರಾವಿಸ್ ಹರ್ಷಿ 1969ರಲ್ಲಿ ಕೇಳಿದ್ದು ಇದನ್ನೇ. ಹತ್ತಿರದವರ ಮೇಲಿನ ಪ್ರೀತಿ, ಕಳೆದುಕೊಳ್ಳುವ ಭಯ, ಕೈತುಂಬ ಕೆಲಸ, ನಿಯಮದ ಮೇಲೆ ನಂಬಿಕೆ, ಈ ನಾಲ್ಕು ನಂಟು ಅವನ ಉತ್ತರ. ನನಗೆ ಇದು ಅಷ್ಟು ಸಾಲದು ಅನ್ನಿಸುತ್ತದೆ. ಕುಟುಂಬದ ಮೇಲಿನ ಪ್ರೀತಿಯೇ ಸಾಲ ಮಾಡಿ ಲಂಚ ಕೊಡಿಸಿದ ಮನೆಗಳಿಲ್ಲವೇ?

ಡರ್ಖೀಮ್‌ಗೆ ಜಾಸ್ತಿ ಜಾಗ ಬೇಡ. ಅಪರಾಧ ಇಲ್ಲದ ಸಮಾಜವೇ ಇಲ್ಲ, ಅದು ಸಹಜ ಅಂತ ಅವನು 1895ರಲ್ಲೇ ಬರೆದ. ಶಿಕ್ಷೆ ಕೊಡುವಾಗ ಜನ ಒಂದಾಗುತ್ತಾರೆ, ನಿಯಮ ಎಲ್ಲಿದೆ ಅನ್ನುವುದು ಮತ್ತೆ ನೆನಪಾಗುತ್ತದೆ. ಹಗರಣ ಹೊರಬಂದಾಗ ಎದ್ದ ಸಿಟ್ಟನ್ನು ಇಲ್ಲಿ ಬಳಸಿ, ಮುಂದೆ ಹೋಗಿ.

ಕೊನೆಯದು ಹಣೆಪಟ್ಟಿ ಸಿದ್ಧಾಂತ. ಇಲ್ಲಿ ಈ ಹಗರಣ ಒಂದೇ ಸಾಲದು, ಪಕ್ಕಕ್ಕೆ ಇನ್ನೊಂದು ಬೇಕು. ಹೊವಾರ್ಡ್ ಬೆಕರ್ ಮಾಡಿದವನನ್ನು ಬಿಟ್ಟು, ಅವನಿಗೆ ‘ಅಪರಾಧಿ’ ಅಂತ ಹಣೆಪಟ್ಟಿ ಹಚ್ಚುವವರ ಕಡೆ ನೋಡಿದ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂದಿತು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಹೇಳದೆ ಊರು ಬಿಡುವಂತಿಲ್ಲ. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಇಂಥ ಸಮುದಾಯದವರನ್ನು ಕಾವಲಿನಲ್ಲಿ ಇಡುವುದಕ್ಕೆಂದೇ ಸೆಟ್ಲ್‌ಮೆಂಟ್‌ ಅನ್ನುವ ವಸತಿಗಳಿದ್ದವು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಕಳ್ಳತನವಾದರೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ಯಾರ ಮನೆಯದು ಅಂತ ಆ ಕಾಯ್ದೆಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯದವರನ್ನು ಕೇಳಿ. ಎಡ್ವಿನ್ ಲೆಮರ್ಟ್ 1951ರಲ್ಲೇ ಹೇಳಿದಂತೆ, ಹಣೆಪಟ್ಟಿ ಹಚ್ಚಿದ ಮೇಲೆ ಹುಟ್ಟುವ ವಿಚಲನೆಯೇ ಬೇರೆ. ಕೆಲಸ ಕೊಡುವವರಿಲ್ಲ, ಬಾಡಿಗೆಗೆ ಮನೆ ಇಲ್ಲ, ಕೊನೆಗೆ ಹಣೆಪಟ್ಟಿ ಹೇಳಿದಂತೆಯೇ ಬದುಕಬೇಕಾದ ಸ್ಥಿತಿ. ರೌಡಿಶೀಟ್ ವಿಷಯಕ್ಕೂ ಇದನ್ನು ಹಚ್ಚಿ ನೋಡಬಹುದು.

ಈಗ ಎರಡನ್ನೂ ಅಕ್ಕಪಕ್ಕ ಇಡಿ. ನೇಮಕಾತಿ ಹಗರಣದ ಆರೋಪಿಗಳಲ್ಲಿ ಅಧಿಕಾರಿಗಳೂ ಅನುಕೂಲಸ್ಥರೂ ಇದ್ದರು. ಅವರ ಜಾತಿಯನ್ನೋ ಓಣಿಯನ್ನೋ ಯಾರಾದರೂ ‘ಅಪರಾಧಿ’ ಅಂದರಾ? ಸದರ್‌ಲ್ಯಾಂಡ್ 1939ರಲ್ಲಿ ಬಿಳಿ ಕಾಲರ್ ಅಪರಾಧದ, ಅಂದರೆ ದೊಡ್ಡ ಹುದ್ದೆಯವರು ತಮ್ಮ ಕೆಲಸದಲ್ಲೇ ಮಾಡುವ ಅಪರಾಧದ, ಮಾತು ಎತ್ತಿದ್ದು ಇದಕ್ಕೇ: ಬಡವರ ಅಪರಾಧವನ್ನೇ ಎಣಿಸುತ್ತಾ ಕೂತರೆ ಬಡತನವೇ ಕಾರಣ ಅನ್ನಿಸುತ್ತದೆ. ಕಾನೂನು ಉಳ್ಳವರ ಪರ ನಿಲ್ಲುತ್ತದೆ ಅನ್ನುವ ಮಾರ್ಕ್ಸ್‌ವಾದಿಗಳ ವಾದವನ್ನು ತರುವುದಾದರೆ ಇಲ್ಲೇ ತನ್ನಿ, ಬೇರೆ ಪ್ಯಾರಾ ಬೇಡ.

ಬರೆಯಲು ಕೂತಾಗ ಎಲ್ಲವನ್ನೂ ತುರುಕಬೇಡಿ. ಒಂದಕ್ಕೊಂದು ತಾಕುವ ಎರಡು ಮೂರು ಸಿದ್ಧಾಂತ ಸಾಕು. ಈ ಪ್ರಕರಣಕ್ಕೆ ನಾನಾದರೆ ಮರ್ಟನ್, ಸದರ್‌ಲ್ಯಾಂಡ್, ಬೆಕರ್ ಈ ಮೂವರನ್ನು ಇಟ್ಟುಕೊಳ್ಳುತ್ತೇನೆ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಅಂಕಿ ಹಾಕುವವರು, ಅದು ಪೊಲೀಸರು ದಾಖಲಿಸಿದ ಪ್ರಕರಣಗಳ ಲೆಕ್ಕ, ನಡೆದ ಅಪರಾಧಗಳ ಲೆಕ್ಕವಲ್ಲ ಅಂತ ಪಕ್ಕದಲ್ಲೇ ಒಂದು ಸಾಲು ಬರೆಯಿರಿ. ದೂರು ಬರೆದುಕೊಳ್ಳದ ಠಾಣೆಯ ಲೆಕ್ಕದಲ್ಲಿ ಅಪರಾಧ ಕಡಿಮೆಯೇ ಇರುತ್ತದೆ.