ಹುಡುಕುವ ಮೊದಲು ಒಂದು ಊಹೆ: ನನ್ನ ಅನುಭವ

ನಾನು ಜೀವವಿಜ್ಞಾನ ಪಾಠ ಮಾಡುವವಳು. ದಿನಕ್ಕೆ ಎಷ್ಟೋ ಸಲ ಏನಾದರೊಂದನ್ನು ಗೂಗಲ್ ಮಾಡುತ್ತೇನೆ, ಅದನ್ನು ಬಿಡುವ ಯೋಚನೆಯೇನೂ ಇಲ್ಲ. ಬದಲಾಯಿಸಿಕೊಂಡದ್ದು ಒಂದನ್ನೇ: ಹುಡುಕುವ ಮೊದಲು ನನಗೆ ತೋಚಿದ ಉತ್ತರವನ್ನು ಬರೆದಿಡುತ್ತೇನೆ.

ಈ ಕಡೆಗೆ ನನ್ನನ್ನು ತಿರುಗಿಸಿದ್ದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಬೆಟ್ಸಿ ಸ್ಪ್ಯಾರೋ, ಜೆನ್ನಿ ಲಿಯು, ಡೇನಿಯಲ್ ವೆಗ್ನರ್ ಅವರ ಅಧ್ಯಯನ. ಚಿಕ್ಕಪುಟ್ಟ ಸಂಗತಿಗಳನ್ನು ಟೈಪ್ ಮಾಡಿದವರಲ್ಲಿ ಕೆಲವರಿಗೆ ಅದು ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದೂ, ಕೆಲವರಿಗೆ ಅಳಿಸಿಹೋಗುತ್ತದೆ ಎಂದೂ ಹೇಳಿದ್ದರು. ಉಳಿಯುತ್ತದೆ ಎಂದು ನಂಬಿದವರಿಗೆ ನೆನಪಿದ್ದದ್ದು ಕಡಿಮೆ. ಅದೇ ಲೇಖನದ ಬೇರೊಂದು ಪ್ರಯೋಗವನ್ನು ಮುಂದೆ ಇತರರು ಮಾಡಿ ನೋಡಿದಾಗ ಮೊದಲಿನ ಫಲಿತಾಂಶ ಸಿಗಲಿಲ್ಲ. ಹಾಗಾಗಿ ‘ಗೂಗಲ್ ಮೆದುಳನ್ನು ಹಾಳುಮಾಡುತ್ತದೆ’ ಎಂಬ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ.

2009ರಲ್ಲಿ ಗ್ಯಾರಿ ಸ್ಮಾಲ್ ಅವರ ತಂಡ 55ರಿಂದ 76 ವರ್ಷದ 24 ಜನರ ಮೆದುಳನ್ನು ಎಫ್‌ಎಂಆರ್‌ಐಯಲ್ಲಿ (ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್) ನೋಡಿತು. ಇಂಟರ್‌ನೆಟ್ ಬಳಸಿ ರೂಢಿಯಿದ್ದವರಲ್ಲಿ ಹುಡುಕುವಾಗ ಹೆಚ್ಚು ಭಾಗಗಳು ಚುರುಕಾಗಿದ್ದವು. ಆದರೆ ಮೆದುಳು ಹೆಚ್ಚು ಕೆಲಸ ಮಾಡಿತು ಎಂದ ಮಾತ್ರಕ್ಕೆ ಹೆಚ್ಚು ಕಲಿಯಿತು ಎನ್ನಲಾಗದು.

ನನ್ನನ್ನು ನಿಜಕ್ಕೂ ಕಾಡಿದ್ದು 2015ರಲ್ಲಿ ಮ್ಯಾಥ್ಯೂ ಫಿಶರ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಂಡದ್ದು. ಕೆಲವು ಪ್ರಶ್ನೆಗಳಿಗೆ ನೆಟ್‌ನಲ್ಲಿ ವಿವರಣೆ ಹುಡುಕಿದವರು, ಅವಕ್ಕೆ ಸಂಬಂಧವೇ ಇಲ್ಲದ ವಿಷಯಗಳನ್ನೂ ತಾವು ಚೆನ್ನಾಗಿ ವಿವರಿಸಬಲ್ಲೆವು ಎಂದುಕೊಂಡರು. ಪಾಠ ಮಾಡುವವರಿಗೆ ಇದಕ್ಕಿಂತ ಅಪಾಯದ ಭಾವನೆ ಇನ್ನೊಂದಿಲ್ಲ. ಪುಟ ತೆರೆದಿರುವಷ್ಟು ಹೊತ್ತೂ ಎಲ್ಲವೂ ತಿಳಿದಂತೆಯೇ ಇರುತ್ತದೆ.

ನಾನು ಮಾಡುವುದು ಹೀಗೆ. ‘ಇಲಿಯ ಹೃದಯಕ್ಕಿಂತ ಆನೆಯ ಹೃದಯ ಯಾಕೆ ಅಷ್ಟು ನಿಧಾನ?’ ಎಂಬ ಪ್ರಶ್ನೆ ಬಂತು ಎನ್ನಿ. ಇಲಿಯದು ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುತ್ತದೆ, ಆನೆಯದು ಸುಮಾರು 30. ನೋಟ್‌ಬುಕ್ಕಿನಲ್ಲಿ ಮೊದಲು ‘ದೊಡ್ಡ ಹೃದಯ ತುಂಬಲು ಹೆಚ್ಚು ಹೊತ್ತು ಬೇಕೇನೋ’ ಎಂದು ಬರೆಯುತ್ತೇನೆ. ಆಮೇಲೆ ಹುಡುಕುತ್ತೇನೆ. ದೇಹ ದೊಡ್ಡದಾದಂತೆ ಒಂದೊಂದು ಗ್ರಾಂ ಅಂಗಾಂಶಕ್ಕೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಾಗಾಗಿ ಹೃದಯ ನಿಧಾನವಾಗಿ ಬಡಿದರೂ ಸಾಕು ಎಂಬ ಸಾಲು ಕಂಡೊಡನೆ ಕಣ್ಣು ಅಲ್ಲೇ ನಿಲ್ಲುತ್ತದೆ, ಏಕೆಂದರೆ ನನ್ನ ಊಹೆಯಲ್ಲಿ ಇಲ್ಲದಿದ್ದದ್ದು ಅದೇ. ಊಹೆ ಬರೆಯದೆ ಓದಿದರೆ ಅದೇ ಸಾಲು ಹತ್ತರಲ್ಲಿ ಹನ್ನೊಂದಾಗಿ ಸರಿದುಹೋಗುತ್ತದೆ. ನಂತರ ಟ್ಯಾಬ್ ಮುಚ್ಚಿ, ನೋಡದೆ ನನ್ನ ಮಾತಿನಲ್ಲಿ ಬರೆಯುತ್ತೇನೆ. ತಡವರಿಸಿದ ಜಾಗ ಯಾವುದೋ ಅಷ್ಟನ್ನು ಮಾತ್ರ ಮತ್ತೆ ಓದುತ್ತೇನೆ.

ಮಕ್ಕಳಿಗೂ ಇದನ್ನೇ ಹೇಳುತ್ತೇನೆ. “ಗೊತ್ತೇ ಇಲ್ಲ ಮೇಡಂ, ಏನಂತ ಬರೀಲಿ?” ಅನ್ನುತ್ತಾರೆ. “ತಪ್ಪಾದರೂ ಪರವಾಗಿಲ್ಲ, ಬರಿ” ಅನ್ನುತ್ತೇನೆ. ಇದು ಬರಿಯ ಸಮಾಧಾನದ ಮಾತಲ್ಲ. ಮೊದಲು ತಪ್ಪು ಉತ್ತರ ಕೊಟ್ಟು ಆಮೇಲೆ ಸರಿಯಾದುದನ್ನು ನೋಡಿದರೂ ನೆನಪು ಗಟ್ಟಿಯಾಗುತ್ತದೆ ಎಂದು ನೇಟ್ ಕಾರ್ನೆಲ್ ಮತ್ತು ಸಂಗಡಿಗರು 2009ರಲ್ಲೇ ತೋರಿಸಿದ್ದಾರೆ.

ರೈಲಿನ ವೇಳೆ, ಫೋನ್ ನಂಬರ್, ಅಳತೆಯ ಲೆಕ್ಕ ಇಂಥವಕ್ಕೆಲ್ಲ ಈ ಶ್ರಮ ಬೇಡ. ಅವು ಮೊಬೈಲಿನಲ್ಲೇ ಇರಲಿ.

ಊಹೆಯ ಜೊತೆಗೆ ಪ್ರಶ್ನೆಯನ್ನೂ ಕಾಗದದ ಮೇಲೆಯೇ ಬರೆಯುವುದು ಒಳ್ಳೆಯದು. ಹುಡುಕುವ ಜಾಗದಲ್ಲಿ ಎರಡು ಪದ ಟೈಪ್ ಮಾಡುವಷ್ಟರಲ್ಲಿ ಉಳಿದದ್ದನ್ನು ಅದೇ ಸೂಚಿಸುತ್ತದೆ, ನಾವು ಕೇಳಬೇಕೆಂದಿದ್ದದ್ದು ಬಿಟ್ಟು ಹೆಚ್ಚು ಜನ ಕೇಳುವುದನ್ನು ಕೇಳಿಬಿಡುತ್ತೇವೆ.